ಕರಿ ದಡಿಯ ಸಂಕ್ರಮಣ ಕಾರ್ಡು

ರಬ್ಬರ್ ಶಿಕ್ಕೆ ಒತ್ತಿ ಬಣ್ಣದ ಕಾಗದದ ಕಾರ್ಡು ಮಾಡುವುದನ್ನು ಕಲಿಯಬೇಕೆಂದು ಈಗ ಮೂರ್ನಾಲ್ಕು ಹುಡುಗಿಯರು ನನ್ನ ಮನೆಗೆ ಬರುತ್ತಾರೆ. ಬಂದವರೆಲ್ಲ ಮೊದಲು ಕೇಳುವುದು ಒಂದೇ, ಮಸಿ ಯಾವುದು ಛಲೋ, ಕತ್ತರಿ ಯಾವುದು ಛಲೋ. ಅಯ್ಯೋ ನನ್ನವ್ವಗಳಿರಾ, ಮಸಿ ಕತ್ತರಿ ಎರಡೂ ಪೇಟೆಯಲ್ಲಿ ಸಿಗುತ್ತವೆ. ಪೇಟೆಯಲ್ಲಿ ಸಿಗದ ಕೆಲವು ಸಂಗತಿಗಳಿವೆ. ಒಬ್ಬೊಬ್ಬರಿಗೂ ಅವನ್ನೇ ಹೇಳಿ ಹೇಳಿ ನನಗೆ ಬೇಸರ ಬಂದಿದೆ, ಸಿಟ್ಟೂ ಬರುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದಿಕೊಂಡು ಬನ್ನಿ.

ನಾನು ಕಾಶವ್ವ. ಹುಟ್ಟಿದ್ದು ರಬಕವಿಯ ನೇಕಾರರ ಮನೆಯಲ್ಲಿ, ಮದುವೆಯಾಗಿ ಬಂದದ್ದು ಜಮಖಂಡಿಗೆ. ಆಗ ಅದು ಸಂಸ್ಥಾನ. ನನ್ನ ಯಜಮಾನರು ಕಚೇರಿಯಲ್ಲಿ ಪಟ್ಟೇವಾಲಾ, ಎಂದರೆ ಜವಾನ, ಆಗಿದ್ದರು. ಕಚೇರಿಗೆ ಶಿಕ್ಕೆ ಮಾಡಿಕೊಡುವ ಪಂತರು ಒಂದು ದಿನ ಅವರ ಹತ್ತಿರ, ಕಾಗದ ಕತ್ತರಿಸಿ ಅಂಟಿಸಲಿಕ್ಕೆ ಗಟ್ಟಿ ಕೈಯ ಹೆಣ್ಣುಮಗಳು ಯಾರಾದರೂ ಇದ್ದಾರೆಯೇ ಎಂದು ಕೇಳಿದರಂತೆ. ನಾನು ಕನ್ನಡ ಸಾಲಿ ಕಲಿತವಳು, ಮನೆಯಲ್ಲಿ ಸುಮ್ಮನೆ ಕೂತು ಅತ್ತೆಯೊಡನೆ ಜಗಳಾಡುವುದಕ್ಕಿಂತ ಇದು ವಾಸಿ ಎಂದು ಯಜಮಾನರು ನನ್ನ ಹೆಸರು ಹೇಳಿದರು. ಅಂದು ಹೋದವಳು ಮುಪ್ಪಾಗುವವರೆಗೂ ಅದೇ ಅಂಗಡಿಯಲ್ಲಿ ಕೂತೆ. ಪಂತರು ನನ್ನನ್ನು ಕೊನೆಯವರೆಗೂ ಕಾಶೀಬಾಯಿ ಎಂದೇ ಕರೆದರು.

ಶಿಕ್ಕೆ ಮಾಡುವುದು ನೋಡಲಿಕ್ಕೆ ದೊಡ್ಡ ವಿದ್ಯೆ, ಕಲಿತರೆ ರೊಟ್ಟಿ ಬಡಿದಷ್ಟೇ. ಅಚ್ಚಿನ ಮೊಳೆ ಜೋಡಿಸಿ ಹಸಿ ಪ್ಲಾಸ್ಟರಿನಲ್ಲಿ ಒತ್ತಬೇಕು. ಅದು ಒಣಗಿದ ಮೇಲೆ ಕಚ್ಚಾ ರಬ್ಬರಿನ ಹಾಳೆ ಇಟ್ಟು, ಕಬ್ಬಿಣದ ಪಟ್ಟಿಗಳ ನಡುವೆ ಬಿಗಿದು ಕೆಂಡದ ಮೇಲೆ ಬೇಯಿಸಬೇಕು. ಸ್ವಲ್ಪ ಹೆಚ್ಚಾದರೆ ರಬ್ಬರು ಸೀದು ಊರೆಲ್ಲ ನಾರುತ್ತದೆ, ಕಡಿಮೆಯಾದರೆ ಅಕ್ಷರ ಮೆತ್ತಗೆ ಉಳಿಯುತ್ತದೆ. ಪಂತರು ಗಡಿಯಾರ ನೋಡಿ ಬೇಯಿಸುತ್ತಿದ್ದರು, ಆದರೂ ಸೀಯುತ್ತಿತ್ತು. ನನಗೆ ವಾಸನೆಯಿಂದಲೇ ತಿಳಿಯುತ್ತಿತ್ತು. ವರ್ಷದೊಳಗೆ ಅವರು ಗಡಿಯಾರವನ್ನು ಮನೆಗೆ ಒಯ್ದರು.

ಕಚೇರಿಯ ಶಿಕ್ಕೆಗಳ ಜೊತೆಗೆ ನಾವು ಹಬ್ಬಕ್ಕೆ, ಮದುವೆಗೆ, ನಾಮಕರಣಕ್ಕೆ ಕಾರ್ಡು ಮಾಡುತ್ತಿದ್ದೆವು. ಆ ಭಾಗ ನನ್ನದು. ನೇಕಾರರ ಮಗಳಾದ ನನಗೆ ಸೀರೆಯ ಅಂಚಿನ ದಡಿಗಳೆಲ್ಲ ಕಣ್ಣಲ್ಲೇ ಇದ್ದವು. ಗೋಮಿ ದಡಿ, ಪರಾಸ ದಡಿ, ಸೆರಗಿನ ತೋಪತೆನಿ, ಇವನ್ನೆಲ್ಲ ಕಟ್ಟಿಗೆಯಲ್ಲಿ ಕೆತ್ತಿಸಿ, ಅದರಿಂದ ರಬ್ಬರಿಗೆ ಇಳಿಸಿ, ಕಾರ್ಡಿನ ಸುತ್ತ ಒತ್ತುತ್ತಿದ್ದೆ. ಲೆಕ್ಕದ ವಹಿ ಕಟ್ಟುವವರು ರಟ್ಟಿಗೆ ಹಚ್ಚುವ ಅಲೆ ಅಲೆ ಬಣ್ಣದ ಕಾಗದವನ್ನು ಕತ್ತರಿಸಿ ನಡುವೆ ಅಂಟಿಸಿದರೆ ಜನ ಹತ್ತಿರ ಬಂದು ಮುಟ್ಟಿ ನೋಡುತ್ತಿದ್ದರು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ನಾನೂ ಮೊದಲ ವರ್ಷ ಒಂದೊಂದು ಕಾರ್ಡಿನಲ್ಲಿ ಇಡೀ ಸೀರೆಯನ್ನೇ ತುರುಕುತ್ತಿದ್ದೆ.

ಪಂತರಿಗೆ ಒಂದು ಅಭ್ಯಾಸವಿತ್ತು. ಹೊಸ ಕಾರ್ಡು ಮಾಡಿದಾಗ ಅದನ್ನು ಎದುರು ಗೋಡೆಯ ಗೂಡಿನಲ್ಲಿ ಆನಿಸಿಟ್ಟು, ತಾವು ಹೊರಗೆ ರಸ್ತೆಗೆ ಇಳಿದು ನಿಂತು ನೋಡುತ್ತಿದ್ದರು. ಅಲ್ಲಿಂದ ಒಂದಕ್ಷರವೂ ಕಾಣುತ್ತಿರಲಿಲ್ಲ. ಕಾಣದಿದ್ದರೆ ನೋಡಿ ಏನು ಉಪಯೋಗ ಎಂದು ನಾನು ಬಾಯಿಬಿಟ್ಟು ಕೇಳಿಯೇಬಿಟ್ಟೆ. “ಕಾಶೀಬಾಯಿ, ಮನ್ಯಾಗ ಓದಾಂವ ಒಬ್ಬ ಇರ್ತಾನ, ನೋಡೋರು ಹತ್ತ ಮಂದಿ ಇರ್ತಾರ. ಅವರ ಕಣ್ಣಿಗೆ ಇದು ಏನ ಹೇಳತೈತಿ, ಅದನ್ನ ಮೊದಲ ನೋಡಬೇಕು” ಎಂದರು. ಹೂಂ ಎಂದೆ, ತಲೆಗೆ ಹಾಕಿಕೊಳ್ಳಲಿಲ್ಲ.

ನನ್ನ ಮೊದಲ ದೊಡ್ಡ ತಪ್ಪು ಅಂಟಿನದು. ತೇರದಾಳದ ಜಿನ್ನಪ್ಪಣ್ಣನೆಂಬ ಜೈನ ವರ್ತಕರು ಕ್ಷಮಾವಣಿಗೆ ಕಾರ್ಡು ಮಾಡಲಿಕ್ಕೆ ಹೇಳಿದ್ದರು. ಅವರ ಪರ್ವ ಮುಗಿದ ಮೇಲೆ, ವರ್ಷದಲ್ಲಿ ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಬೇಕಾದವರಿಗೆಲ್ಲ ಕೇಳಿಕೊಳ್ಳುವ ಪದ್ಧತಿ. ಮಳೆಗಾಲ, ಗಂಜಿಯ ಅಂಟು ಬೇಗ ಹಿಡಿಯುತ್ತಿರಲಿಲ್ಲ. ನಾನು ಜಾಣತನ ಮಾಡಿ, ಪಕ್ಕದ ಬಡಿಗರಿಂದ ಸರಸ ತಂದು ಕಾಯಿಸಿ ಹಚ್ಚಿದೆ. ಸರಸವೆಂದರೆ ದನದ ತೊಗಲು ಎಲುಬು ಕುದಿಸಿ ಮಾಡಿದ ಅಂಟು. ಕಾರ್ಡು ಕಲ್ಲಿನಂತೆ ಗಟ್ಟಿಯಾದವು.

ಜಿನ್ನಪ್ಪಣ್ಣ ಬಂದು ಒಂದನ್ನು ಕೈಗೆತ್ತಿಕೊಂಡು ಮೂಗಿನ ಹತ್ತಿರ ಹಿಡಿದರು. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಅದನ್ನು ಮೆಲ್ಲಗೆ ಕೆಳಗಿಟ್ಟು, “ಇದನ್ನ ಹಿಡಕೊಂಡು ನಾ ಯಾರ ಮುಂದ ಕ್ಷಮಾ ಕೇಳ್ಲೆವಾ?” ಎಂದರು. ನೆಲ ಬಾಯಿಬಿಟ್ಟರೆ ಸಾಕು ಅನಿಸಿತು. ಪಂತರು ಸರಸದ ಗಡಿಗೆಯನ್ನು ಹೊರಗೆ ಹಾಕಿಸಿದರು. ನಾನೂ ಓಣಿಯ ಇಬ್ಬರು ಹೆಣ್ಣುಮಕ್ಕಳೂ ಗೋದಿಹಿಟ್ಟಿನ ಅಂಟು ಕಾಯಿಸಿ, ಎಲ್ಲವನ್ನೂ ಹೊಸದಾಗಿ ಮಾಡಿಕೊಟ್ಟೆವು. ಎಂಟು ದಿನದ ಮೇಲೆ ಅಂಗಡಿಯ ವಿಳಾಸಕ್ಕೆ ಅದೇ ಕಾರ್ಡುಗಳಲ್ಲಿ ಒಂದು ಬಂತು, ನನ್ನ ಹೆಸರಿಗೆ. ಎರಡೆರಡು ಸಲ ಕೆಲಸ ಮಾಡಿಸಿ ನಿಮ್ಮನ್ನು ನೋಯಿಸಿದ್ದಕ್ಕೆ ಕ್ಷಮಿಸಬೇಕು ಎಂದು ಜಿನ್ನಪ್ಪಣ್ಣ ತಮ್ಮ ಕೈಯಿಂದ ಬರೆದಿದ್ದರು. ಅಂದಿನಿಂದ, ಕಾರ್ಡು ಯಾರಿಗೆ ಯಾತಕ್ಕೆ ಎಂದು ಕೇಳದೆ ನಾನು ಅಂಟಿನ ಬಟ್ಟಲು ಮುಟ್ಟಿದವಳಲ್ಲ.

ಸಂಸ್ಥಾನ ಹೋದಾಗ ಅಂಗಡಿ ಏನಾಯಿತು ಎಂದು ಕೆಲವರು ಮರುಕದಿಂದ ಕೇಳುತ್ತಾರೆ. ಮರುಕ ಬೇಡ. ಕಚೇರಿಗಳ ಹಳೆಯ ಶಿಕ್ಕೆಗಳೆಲ್ಲ ಒಂದೇ ಸಲಕ್ಕೆ ನಿರುಪಯೋಗಿಯಾಗಿ, ಎಲ್ಲರಿಗೂ ಹೊಸವು ಬೇಕಾದವು. ಊರವರು ಕೂಡಿ ಭಾಷಣ ಕೇಳುತ್ತಿದ್ದರೆ ನಾವಿಬ್ಬರು ರಬ್ಬರು ಬೇಯಿಸುತ್ತಿದ್ದೆವು.

ಈಗ ಹೇಳುವುದು ಅದಕ್ಕಿಂತ ನಾಲ್ಕೈದು ವರ್ಷ ಹಿಂದಿನದು. ಲಡಾಯಿಯ ಕಾಲ. ಬಣ್ಣದ ಕಾಗದವಿರಲಿ, ಬಿಳಿ ಕಾಗದಕ್ಕೇ ಕಷ್ಟ, ಲಕೋಟೆಯಂತೂ ಕಣ್ಣಿಗೆ ಬೀಳುತ್ತಿರಲಿಲ್ಲ. ಸಂಕ್ರಮಣ ಹತ್ತಿರ ಬಂದಿತ್ತು. ಪಂತರು ರಬ್ಬರು ಸಿಗುತ್ತದೆಯೇ ನೋಡಿ ಬರುತ್ತೇನೆಂದು ಕೊಲ್ಲಾಪುರಕ್ಕೆ ಹೋಗಿದ್ದರು. ಆಗ ಬನಹಟ್ಟಿಯಿಂದ ಮಲ್ಲಪ್ಪಣ್ಣ ಬಂದರು.

ಮಲ್ಲಪ್ಪಣ್ಣನವರದು ಸೀರೆಯ ವ್ಯಾಪಾರ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ನೀಲವ್ವ, ಅವಳನ್ನು ಹಿಂದಿನ ವರ್ಷ ದಾವಣಗೆರೆಯ ವರ್ತಕರ ಮನೆಗೆ ಕೊಟ್ಟಿದ್ದರು. ಪಂಚಮಿಗೆ ಕರೆಯಲು ಹೋದರೆ ಬೀಗತಿಗೆ ಮೈಯಲ್ಲಿ ನೆಟ್ಟಗಿಲ್ಲವೆಂದು ಕಳಿಸಲಿಲ್ಲ, ದೀಪಾವಳಿಗೂ ಕಳಿಸಲಿಲ್ಲ. ಈಗ ಹುಡುಗಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಮನೆಯಲ್ಲಿ ನನ್ನ ತಂಗಿ ಇದ್ದಾಳೆ, ಬಾಣಂತನ ಮಾಡುತ್ತಾಳೆ ಎಂದು ಇವರು ಬರೆದರೆ, ತಾಯಿಯಿಲ್ಲದ ಮನೆಗೆ ಯಾತಕ್ಕೆ ಕಳಿಸುವುದು, ಇಲ್ಲಿಯೇ ಆಗಲಿ ಎಂದು ಅವರು ಬರೆದರು. ಇದನ್ನೆಲ್ಲ ಮಲ್ಲಪ್ಪಣ್ಣ ನನ್ನ ಮುಂದೆ ಕೂತು, ಯಾರಿಗೋ ಆದದ್ದನ್ನು ಹೇಳುವವರಂತೆ ಹೇಳಿದರು. ಮಗಳಂತೂ ಬರುವುದಿಲ್ಲ, ಅವಳ ಮೊದಲ ಸಂಕ್ರಮಣಕ್ಕೆ ಒಂದು ಛಲೋ ಕಾರ್ಡಾದರೂ ಹೋಗಲಿ, ಗಿರಾಕಿಗಳಿಗೂ ಅದೇ ಮಾದರಿಯಲ್ಲಿ ನೂರು ಮಾಡು ಎಂದರು. ಕೆಂಪು ದಡಿ ಹಾಕು ಎಂದೂ ಹೇಳಿದರು.

ಕೆಂಪು ಕಾಗದ ಎಲ್ಲಿಂದ ತರಲಿ? ನನ್ನ ಹತ್ತಿರ ಇದ್ದದ್ದು ಫೋಟೋ ತೆಗೆಯುವವರ ಅಂಗಡಿಯ ಕರಿ ಕಾಗದ. ಅವರ ಸಾಮಾನಿಗೆ ಬೆಳಕು ತಾಗದಂತೆ ಸುತ್ತಿ ಬರುತ್ತಿತ್ತು. ಬಿಸಾಡುತ್ತಾರೆಂದು ನಾನು ತಂದಿಟ್ಟುಕೊಂಡಿದ್ದೆ. ಅದನ್ನು ನೋಡಿದ ಕೂಡಲೇ ನನ್ನ ತಲೆಗೆ ಹೊಳೆಯಿತು. ಮದುವೆಯಾದ ಮೊದಲ ಸಂಕ್ರಮಣಕ್ಕೆ ನಮ್ಮ ಕಡೆ ಹುಡುಗಿಗೆ ಉಡಿಸುವುದು ಚಂದ್ರಕಾಳಿ ಸೀರೆ, ಕರಿ ಒಡಲಿನದು. ಅದರ ಮೇಲೆ ಬಿಳಿ ಕುಸುರೆಳ್ಳಿನ ಒಡವೆ. ವರ್ಷವೆಲ್ಲ ಬೇಡವಾದ ಕರಿ ಬಣ್ಣ ಆ ಒಂದು ಹಬ್ಬಕ್ಕೆ ಮುತ್ತೈದೆಯ ಬಣ್ಣ. ಸುತ್ತಲೂ ಕರಿ ದಡಿ ಅಂಟಿಸಿ, ಅದರ ಮೇಲೆ ಬಿಳಿ ಎಳ್ಳಿನ ಚುಕ್ಕೆ ಇಟ್ಟರೆ ಹೇಗಿರುತ್ತದೆ ಎಂದು ಕೇಳಿದೆ. ಮಲ್ಲಪ್ಪಣ್ಣ, ನನಗೇನು ತಿಳಿಯುತ್ತದೆ, ನೀನು ಹೇಳಿದರೆ ಆಯಿತು ಎಂದರು.

ಜೋಳದ ದಂಟಿನ ತುದಿ ಸಣ್ಣಗೆ ಕೊಯ್ದು, ಗೋಂದು ಕಲಸಿದ ಸಫೇದದ ಬಿಳಿ ಬಣ್ಣದಲ್ಲಿ ಅದ್ದಿ ಒಂದೊಂದೇ ಚುಕ್ಕೆ ಇಟ್ಟೆ. ನಡುವೆ ಎಳ್ಳು ಬೆಲ್ಲದಂತೆ ಕೂಡಿರೋಣ ಎಂಬ ಶಿಕ್ಕೆ, ಕೆಳಗೆ ದಪ್ಪ ಅಕ್ಷರದಲ್ಲಿ ಮಲ್ಲಪ್ಪಣ್ಣನವರ ಹೆಸರು, ಊರು. ಲಕೋಟೆ ಇಲ್ಲದ್ದರಿಂದ ಬೆನ್ನಿಗೆ ವಿಳಾಸ ಬರೆದು ಹಾಗೆಯೇ ಟಪಾಲಿಗೆ ಹಾಕಿದೆವು. ಜಮಖಂಡಿ, ಮುಧೋಳ, ಬೀಳಗಿ, ಹೋದಲ್ಲೆಲ್ಲ ಜನ ಹೊಗಳಿದರು. ಕಚೇರಿಯ ದೊಡ್ಡವರ ಮನೆಯಿಂದಲೂ, ನಮಗೂ ಅಂಥವೇ ಬೇಕೆಂದು ಹೇಳಿ ಕಳಿಸಿದರು. ನಾನು ನಾಲ್ಕು ದಿನ ನೆಲದ ಮೇಲೆ ಇರಲಿಲ್ಲ.

ಪಂತರು ಕೊಲ್ಲಾಪುರದಿಂದ ತಿರುಗಿ ಬಂದ ದಿನವೇ ಮಲ್ಲಪ್ಪಣ್ಣ ಬನಹಟ್ಟಿಯಿಂದ ಗಾಡಿ ಕಟ್ಟಿಕೊಂಡು ಬಂದರು. ಕೈಯಲ್ಲಿ ದಾವಣಗೆರೆಯಿಂದ ಬಂದ ತಾರು, ಅಂದರೆ ತಂತಿ. ಟಪಾಲು ಮಾಸ್ತರರು ಓದಿ ಹೇಳಿದ್ದರಂತೆ, ನೀಲವ್ವನನ್ನು ಕರೆದುಕೊಂಡು ಹೊರಟಿದ್ದೇವೆ, ನಾವು ಬರುವವರೆಗೆ ತಡೆಯಿರಿ ಎಂದು. ಕುಡಚಿ ಸ್ಟೇಷನ್ನಿಗೆ ಮರುದಿನ ಮಧ್ಯಾಹ್ನ ಇಳಿಯುವವರಿದ್ದರು. ಮಗಳು ಬರುತ್ತಾಳೆಂದು ಅವರಿಗೆ ಹಿಗ್ಗು, ಆದರೆ ಏನನ್ನು ತಡೆಯಬೇಕು ಎಂಬುದೇ ತಿಳಿಯದು. ಪಂತರ ಇಂಗ್ಲಿಷು ಗಟ್ಟಿ, ಅವರು ಸರಿಯಾಗಿ ಓದಿ ಹೇಳಲಿ ಎಂದು ಬಂದಿದ್ದರು.

ಪಂತರು ತಾರನ್ನು ಎರಡು ಸಲ ಓದಿದರು. ಇತ್ತೀಚೆಗೆ ಅವರಿಗೆ ಏನಾದರೂ ಬರೆದಿದ್ದಿರೇನು ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಉಳಿದಿದ್ದ ಒಂದು ಕಾರ್ಡು ತೆಗೆದುಕೊಟ್ಟೆ. ಅವರು ಅದನ್ನು ಗೂಡಿನಲ್ಲಿ ಆನಿಸಿಟ್ಟು ರಸ್ತೆಗೆ ಇಳಿದರು. ನಾನೂ ಹಿಂದೆಯೇ ಇಳಿದು ನೋಡಿದೆ. ಅಲ್ಲಿಂದ ಎಳ್ಳಿನ ಚುಕ್ಕೆ ಕಾಣುವುದಿಲ್ಲ, ಅಕ್ಷರ ಕಾಣುವುದಿಲ್ಲ, ಕಾಣುವುದು ಬಿಳಿ ಕಾಗದದ ಸುತ್ತ ಕರಿ ಪಟ್ಟಿ. ನಮ್ಮ ಕಡೆಯ ಸಾವಿನ ಪತ್ರಕ್ಕೆ ಶ್ರೀಕಾರವಿರುವುದಿಲ್ಲ, ಅಷ್ಟೇ ಗುರುತು. ಆದರೆ ಆ ಕಡೆ ದೊಡ್ಡ ಪೇಟೆಗಳಲ್ಲಿ, ವರ್ತಕರ ಮನೆಯಲ್ಲಿ ಯಾರಾದರೂ ಸತ್ತರೆ ಕರಿ ಅಂಚಿನ ಕಾರ್ಡು ಅಚ್ಚು ಹಾಕಿಸುತ್ತಾರೆ. ಅಂಥದ್ದನ್ನು ಹೊಸ್ತಿಲ ಒಳಗೆ ತರುವುದಿಲ್ಲ, ಹೊರಗೇ ಕಣ್ಣಾಡಿಸಿ ಹರಿದು ಹಾಕುತ್ತಾರೆ. ಬೀಗರ ಕಣ್ಣಿಗೆ ಬಿದ್ದದ್ದು ಕರಿ ಅಂಚು ಮತ್ತು ದಪ್ಪ ಅಕ್ಷರದ ಹೆಸರು, ಎರಡೇ ಇರಬೇಕು.

“ಮಲ್ಲಪ್ಪಣ್ಣಾ, ನಿಮ್ಮ ಬೀಗರು ನೀವು ಹೋದ್ರಿ ಅಂತ ತಿಳದಾರ” ಎಂದರು ಪಂತರು.

“ನಾ ಎಲ್ಲಿ ಹೋಗೇನ್ರಿ, ಇಲ್ಲೇ ಅದೀನಲ್ಲ?” ಎಂದರು ಅವರು. ಹೇಳಿ ಮುಗಿಸುವಷ್ಟರಲ್ಲಿ ಅವರಿಗೂ ತಿಳಿಯಿತು. ತಡೆಯಿರಿ ಎಂದರೆ ಹೆಣ ಎತ್ತುವುದನ್ನು ತಡೆಯಿರಿ ಎಂದು. ಕಾರ್ಡು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿರುತ್ತದೆ ಎಂಬುದು ಗಾಬರಿಯಲ್ಲಿ ಅವರಿಗೆ ಹೊಳೆದಿರಲಿಲ್ಲ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ಎಂದು ಈಗ ನಕ್ಕು ಹೇಳುತ್ತೇನೆ. ಆಗ ನಗು ಎಲ್ಲಿಯದು? ಏಳು ತಿಂಗಳ ಬಸುರಿ, ಅಪ್ಪ ಸತ್ತನೆಂದು ಅಳುತ್ತ, ಲಡಾಯಿ ಕಾಲದ ಆ ಗದ್ದಲದ ರೈಲಿನಲ್ಲಿ ಹುಬ್ಬಳ್ಳಿ ದಾಟಿ, ಬೆಳಗಾವಿ ದಾಟಿ ಬರುತ್ತಿದ್ದಾಳೆ. ತಿರುಗಿ ತಾರು ಕೊಡೋಣವೆಂದರೆ ಯಾವ ಊರಿಗೆ ಕೊಡುವುದು? ಆ ಹುಡುಗಿಗೋ ಹೊಟ್ಟೆಯಲ್ಲಿದ್ದ ಕೂಸಿಗೋ ಏನಾದರೂ ಆದರೆ ಅದು ನನ್ನ ಕೈಯಿಂದ ಆದದ್ದು. ಮಲ್ಲಪ್ಪಣ್ಣ ಕೆಂಪು ಎಂದಿದ್ದರು, ಕರಿದು ಎಂದವಳು ನಾನು. ಅದನ್ನು ಪಂತರಿಗೆ ಅವರ ಮುಂದೆಯೇ ಹೇಳಿದೆ. ಅಂಗಡಿಯಿಂದ ಹೊರಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಅವರು, ಬೈಯುವುದನ್ನು ಆಮೇಲೆ ಬೈಯುತ್ತೇನೆ, ಈಗ ಸೀರೆ ಬದಲಿಸಿಕೊಂಡು ಬಾ, ನೀನೂ ಕುಡಚಿಗೆ ನಡೆ ಎಂದರು.

ಮೂವರೂ ಅದೇ ಗಾಡಿಯಲ್ಲಿ ಹೊರಟೆವು. ಚಿಮ್ಮಡ ದಾಟಿ ರಾತ್ರಿ ಅವರ ಮನೆಯಲ್ಲಿ ಉಳಿದೆವು. ಬನಹಟ್ಟಿಯಲ್ಲಿ ಮಲ್ಲಪ್ಪಣ್ಣನ ತಂಗಿ ವಿಷಯ ಕೇಳಿ ನನ್ನನ್ನು ಒಂದು ಸಲ ನೋಡಿದ ನೋಟ ನನಗೆ ಸಾಕಾಯಿತು. ಮರುದಿನ ಭೋಗಿ. ಹೊತ್ತು ಮೂಡುವ ಮುಂಚೆಯೇ ಆಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಲೆ, ಬೆಣ್ಣೆ ಕಟ್ಟಿಕೊಟ್ಟಳು. ಗಂಟು ನನ್ನ ಕೈಗೇ ಕೊಟ್ಟು, ನೀಲವ್ವ ಉಂಡ ಮೇಲೆಯೇ ನೀನು ಉಣ್ಣಬೇಕು ಎಂದಳು. ನಾನು ಗಂಟನ್ನು ಮಡಿಲಲ್ಲಿಟ್ಟುಕೊಂಡು ಗಾಡಿ ಹತ್ತಿದೆ.

ಸ್ಟೇಷನ್ನಿನಲ್ಲಿ ಹೊಸ ಚಿಂತೆ ಹುಟ್ಟಿತು. ಸತ್ತನೆಂದುಕೊಂಡ ಅಪ್ಪ ಏಕಾಏಕಿ ಎದುರು ನಿಂತರೆ ಬಸುರಿಗೆ ಎದೆ ಒಡೆಯಬಾರದಲ್ಲ. ಮಲ್ಲಪ್ಪಣ್ಣನನ್ನು ಬೇವಿನ ಮರದ ಹಿಂದೆ ನಿಲ್ಲಿಸಿ, ಹೆಣ್ಣುಮಗಳು ನೀನೇ ಮೊದಲು ಹೋಗಿ ಹೇಳು ಎಂದರು ಪಂತರು. ಹೇಗೆ ಶುರು ಮಾಡಬೇಕು, ಯಾವ ಮಾತು ಮೊದಲು, ಯಾವುದು ಆಮೇಲೆ, ಎಲ್ಲ ಗಾಡಿಯಲ್ಲೇ ಜೋಡಿಸಿಕೊಂಡಿದ್ದೆ. ರೈಲು ಬಂತು. ಗಂಡ ರುದ್ರಪ್ಪನವರ ಕೈ ಹಿಡಿದು ನೀಲವ್ವ ಇಳಿದಳು. ಅತ್ತು ಅತ್ತು ಕಣ್ಣು ಬಾತಿದ್ದವು. ಇಳಿದವಳೇ ಟ್ರಂಕಿನ ಮೇಲೆ ಕುಸಿದು ಕೂತಳು. ಜೋಡಿಸಿಕೊಂಡ ಮಾತೆಲ್ಲ ನನಗೆ ಮರೆತೇ ಹೋದವು.

“ನಿಮ್ಮಪ್ಪಗ ಏನೂ ಆಗಿಲ್ಲವಾ. ಅದು ಸಂಕ್ರಮಣದ ಕಾರ್ಡು. ಅವರು ಕೆಂಪ ಅಂದಿದ್ರು, ಕರಿ ದಡಿ ಹಚ್ಚಿದಾಕಿ ನಾನ” ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳುವಷ್ಟರಲ್ಲಿ ಮಲ್ಲಪ್ಪಣ್ಣ ಮರದ ಹಿಂದೆ ನಿಲ್ಲಲಾರದೆ ಓಡಿ ಬಂದರು. ನೀಲವ್ವ ಚೀರಲಿಲ್ಲ. ಎದ್ದು ನಿಂತು ಅಪ್ಪನ ಎರಡೂ ಕೈ ಹಿಡಿದುಕೊಂಡಳು, ತೋಳು ಮುಟ್ಟಿದಳು, ಗಡ್ಡ ಮುಟ್ಟಿದಳು. ಆಮೇಲೆ ಅವರ ಎದೆಗೆ ಒಂದು ಗುದ್ದು ಗುದ್ದಿ, “ನನಗ ಹಸಿವಾಗೇತಿ” ಎಂದಳು. ಹಿಂದಿನ ದಿನದಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲವಂತೆ. ನಾನು ಗಂಟು ಬಿಚ್ಚಿದೆ. ಒಂದು ರೊಟ್ಟಿ, ಎರಡು ರೊಟ್ಟಿ, ಮೂರನೆಯದಕ್ಕೆ ಕೈ ಹಾಕಿದಳು. ಆ ಹುಡುಗಿ ರೊಟ್ಟಿ ಮುರಿಯುವುದನ್ನು ನೋಡುತ್ತ ನನ್ನ ಜೀವ ತಿರುಗಿ ಮೈಯಲ್ಲಿ ಬಂತು. ಒಳಗಿನ ಕೂಸೂ ಒದೆಯುತ್ತಿದೆ ಎಂದು ಹೇಳಿ ನಕ್ಕಳು.

ಸಿಟ್ಟು ಬಂದದ್ದು ರುದ್ರಪ್ಪನವರಿಗೆ, ಬರಬೇಕಾದದ್ದೇ. ನಮ್ಮ ಮನೆಯಲ್ಲಿ ಒಲೆ ಹಚ್ಚಿಲ್ಲ, ತಾಯಿ ಹಾಸಿಗೆ ಬಿಟ್ಟು ಎದ್ದಿಲ್ಲ, ಇದು ಹುಡುಗಾಟವೇ ಎಂದು ನನ್ನನ್ನೂ ಪಂತರನ್ನೂ ಸರಿಯಾಗಿ ತರಾಟೆಗೆ ತೆಗೆದುಕೊಂಡರು. ನಾನು ಕೈಮುಗಿದು ಕೇಳಿಸಿಕೊಂಡೆ. ಪಂತರೂ ಕೈಮುಗಿದರು, ತಾವು ಊರಲ್ಲಿ ಇರಲಿಲ್ಲವೆಂಬ ಮಾತನ್ನು ಬಾಯಿಂದ ಬಿಡಲಿಲ್ಲ. ಬೈದು ದಣಿದ ಮೇಲೆ ರುದ್ರಪ್ಪನವರು, ಎಲ್ಲ ಸುಖವಾಗಿದ್ದೀರಿ, ಅಷ್ಟು ಸಾಕು, ಅಮ್ಮ ಒಬ್ಬಳೇ ಇದ್ದಾಳೆ, ಸಂಜೆಯ ಗಾಡಿಗೆ ನಾವಿಬ್ಬರೂ ತಿರುಗಿ ಹೋಗುತ್ತೇವೆ ಎಂದರು.

ಮಲ್ಲಪ್ಪಣ್ಣ ಬಾಯಿ ತೆರೆದರು. ಆದರೆ ಮೂರು ಸಲ ಕೇಳಿ ಇಲ್ಲವೆನ್ನಿಸಿಕೊಂಡ ಮನುಷ್ಯ, ನಾಲ್ಕನೆಯ ಸಲಕ್ಕೆ ಮಾತು ಹೊರಡಲಿಲ್ಲ. ನೀಲವ್ವ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟಳು. ಗಂಡನ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿ ಹೇಳಿದಳು.

“ಅಕ್ಕಾ, ನೀವು ಕೆಂಪ ದಡಿ ಹಚ್ಚಿದ್ರ ನಾ ಇವತ್ತ ಅಲ್ಲೇ ಒಲಿ ಮುಂದ ಕುಂತಿರತಿದ್ದೆ. ಅಪ್ಪ ಸತ್ತಾನಂದ್ರ ಕಳಸ್ತಾರ, ಬದುಕ್ಯಾನಂದ್ರ ಕಳಸಾಂಗಿಲ್ಲ. ಅದೊಂದು ನನಗ ಈಗ ಗೊತ್ತಾತು.”

ರುದ್ರಪ್ಪನವರು ಹಳಿಗಳ ಕಡೆ ನೋಡುತ್ತ ನಿಂತರು. ಆಮೇಲೆ ಬಗ್ಗಿ ಟ್ರಂಕು ಎತ್ತಿಕೊಂಡರು. ಟಿಕೀಟಿನ ಕಿಟಕಿಯ ಕಡೆ ಹೋಗುತ್ತಾರೋ ಎತ್ತಿನ ಗಾಡಿಯ ಕಡೆಗೋ ಎಂದು ನಾವು ನೋಡುತ್ತಿದ್ದೆವು. ಅವರು ಟ್ರಂಕನ್ನು ಒಯ್ದು ಗಾಡಿಯಲ್ಲಿಟ್ಟರು, ಮೈಮೇಲಿನ ಶಾಲು ತೆಗೆದು ಹುಲ್ಲಿನ ಮೇಲೆ ಹಾಸಿದರು.

“ಬಾಣಂತನ ಮುಗಿಸ್ಕೊಂಡೇ ಬಾ. ಅಮ್ಮಂಗೆ ನಾನು ಹೇಳ್ತೀನಿ” ಎಂದರು.

ಎರಡು ದಿನ ತಡೆದುಕೊಂಡಿದ್ದ ಅಳು ನನಗೆ ಆಗ ಬಂತು. ಬೈಯುತ್ತೇನೆ ಎಂದಿದ್ದ ಪಂತರು ಬೈಯಲಿಲ್ಲ. ಗಂಟಿನಲ್ಲಿ ಉಳಿದಿದ್ದ ಒಂದು ರೊಟ್ಟಿಯನ್ನು ಮುರಿದು, ಅರ್ಧ ನನ್ನ ಕೈಗೆ ಕೊಟ್ಟರು.